ನಳಿನಿಯ ಕಡೆಯ ಹಾಳೆಗಳು

ಹಣಮಮ್ಮ ಮೊರದಲ್ಲಿದ್ದ ತೊಗರಿಬೇಳೆಯನ್ನು ಕೇರಿ, ಕಲ್ಲು ಆರಿಸಿ ಅಂಗಳಕ್ಕೆ ಎಸೆಯುತ್ತಿದ್ದಾಗ ಬಾಬುಮಿಯಾ ಚಪ್ಪಲಿ ಸಮೇತ ಒಳಗೆ ಬಂದುಬಿಟ್ಟ. ಚಪ್ಪಲಿ ಬಿಡುವುದನ್ನೂ ಮರೆತ ಮನುಷ್ಯನಿಗೆ ಏನೋ ದೊಡ್ಡ ಪೆಟ್ಟೇ ಬಿದ್ದಿರಬೇಕು ಎಂದು ಅವಳು ಮೊರ ಕೆಳಗಿಟ್ಟಳು.

"ರಶೀದಾ ಆಪಾ ಎಲ್ಲಿದ್ದಾರ್ರಿ ಅಕ್ಕಾರೆ? ನನ್ನ ಕಾದಂಬರಿ ಖೂನಿ ಆಗ್ಯಾದ!"

ವಾಡಿ ಸ್ಟೇಷನ್ನಿನ ಹಿಂದೆ ಅವನದು ಬಾಡಿಗೆ ಪುಸ್ತಕದ ಅಂಗಡಿ. ಓಣಿಗೆಲ್ಲ ಆಪಾ, ಅಂದರೆ ಅಕ್ಕನಾಗಿದ್ದ ರಶೀದಾಬೇಗಂ ಹುಡುಗಿಯರ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಓಣಿಯಲ್ಲಿ ಕೋಳಿ ಕಳೆಯಲಿ, ಮೂಗುತಿ ಕಳೆಯಲಿ, ಜನ ಠಾಣೆಗಿಂತ ಮೊದಲು ಅವರ ಬಾಗಿಲಿಗೇ ಬರುತ್ತಿದ್ದರು. ಆಗೆಲ್ಲ ನೆರೆಮನೆಯ ಹಣಮಮ್ಮ ಅವರ ಪಕ್ಕದಲ್ಲೇ ಇರುತ್ತಿದ್ದಳು. ಆಪಾ ಕಂಡದ್ದೆಲ್ಲ ಅವಳಿಗೂ ಕಾಣುತ್ತಿತ್ತು. ಅರ್ಥ ಮಾತ್ರ ಆಮೇಲೆ ಆಗುತ್ತಿತ್ತು.

ಗದ್ದಲ ಕೇಳಿ ಪಕ್ಕದ ಮನೆಯಿಂದ ಬಂದ ಆಪಾರ ಮುಂದೆ ಬಾಬುಮಿಯಾ ಪುಸ್ತಕ ಹಿಡಿದ. ಕಡೆಯ ಹಾಳೆಗಳೇ ಇರಲಿಲ್ಲ. "ಕೊಟ್ಟಾಗ ಪೂರಾ ಇತ್ತ್ರಿ. ಕಲ್ಲಿನ ಖಣಿ ಗುಮಾಸ್ತ ಸಂಗಣ್ಣ ಇದ್ದಾನಲ್ಲ, ಅವನ ಹೆಂಡ್ತಿ ಶಿವಕಾಂತಮ್ಮ ಒಯ್ದಿದ್ದಳು. ಕಡೀದು ಇಲ್ಲ ಅಂತ ಆಕೀನ ಹೇಳಿ ಕಳಿಸ್ಯಾಳ. ಈಗ ಸಂಗಣ್ಣ, 'ನೀನ ಹರಿದೀದಿ, ಇನ್ನ ಮುಂದ ಈ ಮನಿಗಿ ಒಂದು ಪುಸ್ತಕ ಬರಂಗಿಲ್ಲ' ಅಂತ ಆಕೀಗಿ ಬೈಲಿಕತ್ತಾನ."

ಆಪಾ ಪುಸ್ತಕದ ಬೆನ್ನನ್ನು ಕಣ್ಣಿಗೆ ಹತ್ತಿರ ತಂದರು. "ಹರಿದಿಲ್ಲ ಬಾಬುಮಿಯಾ. ಹೊಲಿಗಿ ಬಿಚ್ಚಿ ತೆಗದಾರ. ಉಳಿದ ಹಾಳಿ ಉದುರಬಾರ್ದು ಅಂತ ಮತ್ತ ಗಂಟು ಹಾಕ್ಯಾರ. ಖೂನಿ ಮಾಡಿದವರಿಗೆ ಸತ್ತವರ ಮ್ಯಾಲ ಭಾಳ ಪ್ರೀತಿ ಇದ್ದಂಗದ."

ಆಪಾ ಹಣಮಮ್ಮನನ್ನು ಕರೆದುಕೊಂಡು ಹೋದ ಸಂಗಣ್ಣನ ಮನೆ ರೈಲುಹಳಿಗೆ ಬೆನ್ನು ಕೊಟ್ಟಿತ್ತು. ಗಾಡಿ ಹೋದಾಗೆಲ್ಲ ಕಿಟಕಿಯ ಸರಳುಗಳು ನಡುಗುತ್ತಿದ್ದವು. ಗುಂಡಗುರ್ತಿಯಿಂದ ಮದುವೆಯಾಗಿ ಬಂದಂದಿನಿಂದ ಶಿವಕಾಂತಮ್ಮ ಆ ಗಾಡಿಗಳ ಸದ್ದು ಕೇಳಿದ್ದಳು, ಹತ್ತಿರಲಿಲ್ಲ. ಓಣಿಯ ತಿರುವು ದಾಟಬೇಕಾದರೂ ಗಂಡನ ಅಪ್ಪಣೆ ಬೇಕು. ಮಧ್ಯಾಹ್ನ ಅತ್ತೆಯ ಮುಂದೆ, ಹಣಮಮ್ಮನ ಮುಂದೆ ಗಟ್ಟಿಯಾಗಿ ಕಾದಂಬರಿ ಓದುವ ಹೊತ್ತಷ್ಟೇ ಅವಳ ಮುಖಕ್ಕೆ ಗಾಳಿ ತಾಗುತ್ತಿತ್ತು. ಈಗ ಅದಕ್ಕೂ ಕುತ್ತು ಬಂದಿತ್ತು.

ಪಡಸಾಲೆಯಲ್ಲಿ ಅತ್ತೆ ಭೀಮಮ್ಮ ಹೊದೆಯುವ ಕೌದಿ ಹೊಲಿಯುತ್ತ ಕುಳಿತಿದ್ದಳು. ಜಾಗ ಬಿಡಲೆಂದು ಅದನ್ನು ಮಡಚಿದಾಗ ಒಣಗಿದ ಎಲೆಯಂತೆ ಸರಸರ ಎಂದಿತು. ಹೊಸ ಬಟ್ಟೆಯ ಗಂಜಿ ಇರಬೇಕು ಎಂದುಕೊಂಡಳು ಹಣಮಮ್ಮ. ಭೀಮಮ್ಮನ ಸೆರಗಿನ ತುದಿಗೆ ಬಿಳಿ ಪುಡಿ ಅಂಟಿತ್ತು. ಅದು ಜೋಳದ ಹಿಟ್ಟು ಅಂದುಕೊಂಡಳು.

ಆಪಾ ಹಾಳೆಯ ಸುದ್ದಿಯನ್ನೇ ಎತ್ತಲಿಲ್ಲ. "ಕಾದಂಬರಿ ಹ್ಯಾಂಗ ಅನಿಸ್ತು? ಎಲ್ಲಾರೂ ಹೇಳ್ರಿ."

ಕತೆ ಹಣಮಮ್ಮನಿಗೆ ಬಾಯಿಪಾಠವಾಗಿತ್ತು. ನಳಿನಿ ಮನೆಯವರನ್ನು ಎದುರು ಹಾಕಿಕೊಂಡು ಪ್ರಕಾಶನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಮದುವೆಯಾದ ಮೇಲೆ ಅವನು ಆಫೀಸಿಗೆ ಹೊರಟಾಗ ಹೊರಗಿನಿಂದ ಬೀಗ ಹಾಕತೊಡಗುತ್ತಾನೆ. ಒಂದು ದಿನ ಅವಳಿಗೆ ಶಾಲೆಯ ನೌಕರಿಯ ಹುಕುಂ ಬರುತ್ತದೆ, ಅವತ್ತೇ ಅವನು ಬೀಗ ಮರೆತಿರುತ್ತಾನೆ. ಅಲ್ಲಿಗೆ ಹಾಳೆ ಮುಗಿದಿತ್ತು. "ಪಾಪದ ಹುಡುಗಿ. ನಂಗಂತೂ ರೊಟ್ಟಿ ಸೇರಲಿಲ್ಲ," ಎಂದು ಹಣಮಮ್ಮ ಮೂಗೊರೆಸಿಕೊಂಡಳು.

ಶಿವಕಾಂತಮ್ಮ ಕಿಟಕಿ ಬಿಟ್ಟು ಬರಲಿಲ್ಲ. "ಪ್ರಕಾಶ ಭಾಳ ಚಂದ ಮಾತಾಡ್ತಾನ್ರಿ ಆಪಾ. ಆದ್ರ ಇಡೀ ಪುಸ್ತಕದಾಗ ಒಂದು ಸಲಾನೂ ಆಕೀಗಿ ಉಂಡೀಯೇನು ಅಂತ ಕೇಳಿಲ್ಲ. ಆಕಿ ಬಾಗಿಲ ಹಿಂದ ನಿಂತಾಗೆಲ್ಲ ನನ್ನ ಕಾಲ ನೋವತಿದ್ವು. ಪಾಪ, ಹೊರಗ ಹೋದಳೋ ಇಲ್ಲೋ. ಬರೆದವರಿಗೆ ಒಂದು ಪತ್ರ ಸುರು ಮಾಡೀನ್ರಿ, ಎಂಟು ದಿನ ಆತು. ಆಕಿ ಏನ ಮಾಡಿದ್ಳು ಗೊತ್ತಾಗದ ಹ್ಯಾಂಗ ಮುಗಸ್ಲಿ?"

"ನಾ ಓದಿಲ್ಲ," ಎಂದ ಸಂಗಣ್ಣ. "ಸಿಟ್ಟು ಬಂದಿದ್ರ ಇಡೀ ಪುಸ್ತಕ ಒಲಿಗಿ ಹಾಕ್ತಿದ್ದೆ. ದಾರಾ ಬಿಚ್ಚಿಕೋತ ಕೂಡ್ಲಿಕ್ಕೆ ನಂಗೆಲ್ಲಿ ಪುರಸತ್ತು?"

ಭೀಮಮ್ಮ ಸೂಜಿಯಿಂದ ಕಣ್ಣೆತ್ತಲಿಲ್ಲ. "ಪಾಪ ಏನ ಬಂತು? ಅಂಥಾ ಹೇಡಿಗಿ ಅಳಬಾರ್ದು. ಎರಡು ಬಡೀಬೇಕು."

ಎಲ್ಲರೂ ನಕ್ಕರು. "ನಮ್ಮವ್ವಗ ಒಂದಕ್ಷರ ಬರಂಗಿಲ್ಲ, ತೀರ್ಪು ಮಾತ್ರ ಜಡ್ಜ್ ಸಾಹೇಬರಂಗ," ಎಂದ ಸಂಗಣ್ಣ. ಆಪಾ ಮಾತ್ರ ನಗಲಿಲ್ಲ.

"ಸಂಜಿಕ ಭಜನಿಗಿ ಹೋಗ್ಲಿಕತ್ತೀರಂತಲ್ಲ ಭೀಮಮ್ಮ. ನಿನ್ನೆ ಯಾವ ಪದ ಹಾಡಿದ್ರಿ?"

"ಅದನ್ರಿ... ಯಾವಾಗ್ಲೂ ಹಾಡೋದು."

ಮರುದಿನ ಆಪಾ ಒಂದೇ ನಮೂನೆಯ ಹೊಸ ಡಬ್ಬಿಗಳ ಸಾಲು ಜೋಡಿಸಿ, ಅವಕ್ಕೆ ಚೀಟಿ ಬರೆದು ಅಂಟಿಸುತ್ತಿದ್ದರು. ಬೆಲ್ಲ, ಸಕ್ಕರೆ, ರವೆ, ಚಹಾಪುಡಿ, ಕಡಲೆ.

"ನಿಮ್ಮ ಡಬ್ಬಿ ನಿಮಗ ಗೊತ್ತಾಗಂಗಿಲ್ಲೇನ್ರಿ ಆಪಾ?" ಎಂದು ಹಣಮಮ್ಮ ಚುಚ್ಚಿದಳು.

"ನಂಗ ಗೊತ್ತದ," ಎಂದರು ಆಪಾ. "ಇವತ್ತ ಎಲ್ಲಾರಿಗೂ ಚಹಾಕ್ಕ ಕರದೀನಿ. ಭೀಮಮ್ಮನ ಕೌದಿನೂ ತರಲಿಕ್ಕೆ ಹೇಳೀನಿ, ಹೊಲಿಗಿ ನೋಡಬೇಕಂತ."

ಸಂಜೆ ಎಲ್ಲರೂ ಕೂಡಿದರು. ಆಪಾ ಮೊಣಕಾಲು ಹಿಡಿದುಕೊಂಡು, "ಭೀಮಮ್ಮ, ನಂಗ ಏಳಲಿಕ್ಕಾಗವಲ್ದು. ನೀವ ಚಹಾ ಮಾಡ್ರಿ. ಹಣಮಮ್ಮ, ನೀ ಹಾಲು ಕಾಸು," ಎಂದರು. ಅಡುಗೆಮನೆಯಲ್ಲಿ ಭೀಮಮ್ಮ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿ ಎರಡು ಡಬ್ಬಿ ತೆಗೆದಳು, ಚಹಾ ಮಾಡಿದಳು, ಮುಚ್ಚಿಟ್ಟಳು. ಬೇರೆ ಯಾವುದರ ಮುಚ್ಚಳವನ್ನೂ ಮುಟ್ಟಲಿಲ್ಲ.

ಆಪಾ ಒಂದು ಗುಟುಕು ಕುಡಿದರು. "ಚಹಾ ಭಾಳ ಛಲೋ ಆಗ್ಯಾದ. ಅದ ಈಗ ತಕರಾರು."

ಯಾರಿಗೂ ತಿಳಿಯಲಿಲ್ಲ. ಆಪಾ ಬಟ್ಟಲು ಕೆಳಗಿಟ್ಟು ಒಂದೊಂದೇ ಬಿಡಿಸಿದರು.

"ಕಡೀ ಹಾಳಿ ಇಲ್ಲದ ಓದಿದವರಿಗೆಲ್ಲ ನಳಿನಿ ಪಾಪದಾಕಿ. ಒಬ್ಬರೇ ಆಕೀಗಿ ಹೇಡಿ ಅಂದ್ರು. ಬಾಗಿಲಾ ತೆರೆದಿದ್ದಾಗ ಆಕಿ ಏನ ಮಾಡಿದ್ಳು ಅಂತ ಗೊತ್ತಿದ್ದವರಿಗಷ್ಟೇ ಆ ಸಿಟ್ಟು ಬರ್ತದ. ಹಾಳಿ ಬಿಚ್ಚಿದ್ದು ಸೂಜಿ ದಾರದಾಗ ಪಳಗಿದ ಕೈ. ಆದ್ರ ಭೀಮಮ್ಮಗ ಓದ್ಲಿಕ್ಕೆ ಬರಂಗಿಲ್ಲಂತ ಊರಿಗೆಲ್ಲ ಗೊತ್ತು. ಹೌದೇನು? ಸೆರಗಿಗಿ ಬಳಪದ ಪುಡಿ ಹತ್ತಿತ್ತು, ಹಾಡಿದ ಪದ ನೆನಪಿರಲಿಲ್ಲ. ಇವತ್ತ ಒಂದೇ ನಮೂನಿ ಡಬ್ಬಿಗಳೊಳಗ ಸಕ್ಕರಿ, ಚಹಾಪುಡಿ ತಾವಾಗೇ ಕೈಗಿ ಬಂದಾವು. ಹೌದಲ್ಲ ಹಣಮಮ್ಮ?"

ಹಣಮಮ್ಮ ಹೌದೆಂದು ತಲೆಯಾಡಿಸಿದಳು.

"ಅವ್ವಾ, ಭಜನಿ?" ಎಂದ ಸಂಗಣ್ಣ.

"ಭಜನಿ ಇಲ್ಲೋ ಸಂಗ್ಯಾ. ರಾತ್ರಿ ಶಾಲಿ. ಹೇಳಿದ್ರ ಬಿಡ್ತಿದ್ದೇನು ನೀ?"

ಭೀಮಮ್ಮ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಅಂಚಿನ ದಾರವನ್ನು ಹಲ್ಲಿನಿಂದ ಕಡಿದಳು. ಎರಡು ಬಟ್ಟೆಗಳ ನಡುವಿನಿಂದ ಹಾಳೆಗಳು ಜಾರಿ ಬಿದ್ದವು.

"ಸೊಸಿಗಿಂತ ಮೊದಲ ಕಡೀದು ನಾ ಓದಬೇಕಂತ ಹಟ ಹಿಡದಿದ್ದೆ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಆ ಹುಡುಗಿ ಹುಕುಂ ಹರಿದು ಒಲಿಗಿ ಹಾಕ್ತಾಳ. ತಾನ ಬಾಗಿಲಾ ಮುಚ್ಚಿ, ಈ ಮನಿನ ನನ್ನ ಸ್ವರ್ಗ ಅಂತಾಳ." ಅವಳು ಹಾಳೆಗಳನ್ನು ಸೊಸೆಯ ಮುಂದೆ ಸರಿಸಿದಳು. "ನಾನೂ ಅದ ಕಿಟಕಿ ಹಿಂದ ಮುದುಕಿ ಆದಾಕಿ. ಆ ಸ್ವರ್ಗ ನಂಗೊತ್ತದ. ಈಕಿ ಪುಸ್ತಕ ಹೇಳಿದ್ದೆಲ್ಲ ನಂಬತಾಳ. ಇದನ್ನೂ ನಂಬಿಬಿಟ್ರ? ಸಂಗ್ಯಾ, ಕಳ್ಳಿ ನಾನು. ಪುಸ್ತಕ ಬಂದ್ ಮಾಡೋದಾದ್ರ ನಂದು ಮಾಡು."

ಸಂಗಣ್ಣ ಚಹಾದ ಬಟ್ಟಲು ಕೆಳಗಿಟ್ಟ. "ಯಾರದೂ ಮಾಡಂಗಿಲ್ಲ," ಎಂದ.

"ಹಂಗಾರ ಹೊಲಿದು ಕೊಡ್ರಿ ಮತ್ತ," ಎಂದ ಬಾಬುಮಿಯಾ. "ನಿಮ್ಮ ಗಂಟು ನಮ್ಮ ಬೈಂಡಿಂಗಿಗಿಂತ ಗಟ್ಟಿ ಅದ."

ಶಿವಕಾಂತಮ್ಮ ಹಾಳೆಗಳನ್ನು ಮನಸ್ಸಿನಲ್ಲೇ ಓದಿ ಮುಗಿಸಿದಳು. "ಅತ್ತಿ, ನಾ ಇದನ್ನ ನಂಬಂಗಿಲ್ರಿ," ಎಂದಳು. ಮನೆಗೆ ಹೋಗಿ ಗೂಡಿನಲ್ಲಿಟ್ಟಿದ್ದ ಪತ್ರ ತಂದು, ಎಲ್ಲರ ಎದುರೇ ಕಡೆಯ ಸಾಲು ಬರೆದಳು: 'ನಳಿನಿ ಇಷ್ಟು ದಿನ ನನ್ನ ಜೊತೆಗಿದ್ದಳು, ಈ ಮಾತು ಅವಳದಲ್ಲ. ಬಾಗಿಲು ತೆರೆದಿದ್ದಾಗ ಅವಳನ್ನು ಸ್ಟೇಷನ್ನಿನವರೆಗಾದರೂ ಕಳಿಸಬೇಕಿತ್ತು.'

"ತಾ, ನಾ ಟಪಾಲ ಡಬ್ಬಿಗಿ ಹಾಕಿ ಬರ್ತೀನಿ," ಎಂದು ಸಂಗಣ್ಣ ಎದ್ದ.

"ನೀ ಕುಂದ್ರು," ಎಂದಳು ಭೀಮಮ್ಮ. "ನಾವ ಹೋಗ್ತೀವಿ."

ಓಣಿಯ ತಿರುವಿನಲ್ಲಿ ಶಿವಕಾಂತಮ್ಮ ಒಂದು ಕ್ಷಣ ನಿಂತಳು. ಅತ್ತೆ ಅವಳ ಮೊಣಕೈ ಹಿಡಿದು ದಾಟಿಸಿದಳು. ಹಿಂದೆ ಬರುತ್ತಿದ್ದ ಹಣಮಮ್ಮನೂ ಆಪಾನೂ ಏನೂ ಕಾಣದವರಂತೆ ನಡೆದರು. ಸ್ಟೇಷನ್ನಿನ ಕೆಂಪು ಡಬ್ಬಿಯ ಮುಂದೆ ಭೀಮಮ್ಮ ಲಕೋಟೆ ಇಸಿದುಕೊಂಡು, ಅದರ ಮೇಲಿನ ವಿಳಾಸವನ್ನು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು. ಪ್ಲಾಟ್‌ಫಾರ್ಮಿನ ಜನ ತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಊರಿನ ಹೆಸರು ಮುಗಿಸಿ, ಪತ್ರವನ್ನು ಸೊಸೆಯ ಕೈಗೆ ಕೊಟ್ಟಳು.

"ಬರೋಬರಿ ಅದ. ಹಾಕು."

ಶಿವಕಾಂತಮ್ಮ ಹಾಕಿದಳು.