ಅಲುಗದ ಕ್ಯಾಮೆರಾ

ಸಿನಿಮಾ ಪಾಠದ ನಡುವೆ ತರಗತಿಯ ಬಾಗಿಲು ತೆರೆಯಿತು.

ಅವನು!

ಎರಡು ವರ್ಷದ ಹಿಂದೆ "ಇನ್ನು ಮುಖ ತೋರಿಸಬೇಡಿ" ಎಂದು ಅವಳು ಅಟ್ಟಿದ್ದ ಕ್ಯಾಮೆರಾಮನ್... ಅವಳನ್ನು ಮದುವೆಯಾಗಬೇಕಿದ್ದವನು.

ಅವಳು ಸರಕ್ಕನೆ ವಿದ್ಯಾರ್ಥಿಗಳತ್ತ ತಿರುಗಿದಳು. "ಹೀರೋ ಬೀಳೋದನ್ನ ದೂರದಿಂದಲೇ ಯಾಕೆ ತೋರಿಸ್ತಾರೆ, ಹೇಳಿ?"

"ಹತ್ತಿರ ಹೋದ್ರೆ ಡೂಪ್ ಮುಖ ಕಾಣುತ್ತಲ್ಲ, ಮೇಡಂ!"

ತರಗತಿ ನಕ್ಕಿತು. ಅವಳು ನಗಲಿಲ್ಲ.

ಅವಳ ಅಣ್ಣ ಡೂಪ್ ಆಗಿದ್ದ. ತಾರಸಿಯಿಂದ ಜಿಗಿಯುವಾಗ, ಸೊಂಟದ ಹಗ್ಗವನ್ನು ಅಲ್ಲಿನ ಕಂಬಕ್ಕೆ ಬಿಗಿದಿದ್ದ ಕೊಕ್ಕೆ ಕಳಚಿ ಸತ್ತ. ತಾರಸಿಯ ಮೇಲಿದ್ದದ್ದು ಅಣ್ಣ ಮತ್ತು ಈ ಕ್ಯಾಮೆರಾಮನ್, ಇಬ್ಬರೇ. ಆ ಶಾಟನ್ನು ಎಡಿಟಿಂಗ್ ಕೋಣೆಯಲ್ಲಿ ಅವಳೇ ನೋಡಿದ್ದಳು. ಅಣ್ಣ ಬಿದ್ದ ಮೇಲೂ ಚಿತ್ರ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

'ನನ್ನಣ್ಣ ಸಾಯ್ತಿದ್ರೂ ಇವನ ಕೈ ನಡುಗಲಿಲ್ಲವಲ್ಲ!'

ತರಗತಿ ಖಾಲಿಯಾಯಿತು.

"ಯಾಕೆ ಬಂದ್ರಿ?"

"ಫೈಟ್ ಮಾಸ್ಟರ್ ಕಳಿಸಿದ್ರು. ಎದುರು ಕಟ್ಟಡದಲ್ಲಿಟ್ಟಿದ್ದ ಕ್ಯಾಮೆರಾದ ಶಾಟ್, ಈಗ ಸಿಕ್ಕಿತಂತೆ. ನಿಮ್ಮಣ್ಣನ ಮುಖ ಇದೆ... ನಾನು ನೋಡಿಲ್ಲ. ಧೈರ್ಯ ಬರಲಿಲ್ಲ."

ಅವನು ಪೆನ್‌ಡ್ರೈವ್ ಮೇಜಿನ ಮೇಲಿಟ್ಟು, ಗೋಡೆ ಕಡೆ ಮುಖ ಮಾಡಿ ನಿಂತ. ಅವಳು ಶಾಟನ್ನು ಪರದೆಯ ಮೇಲೆ ಹಾಕಿದಳು.

ಅಣ್ಣ! ಅಂಚಿನಲ್ಲಿ ನಿಂತು, ಅರ್ಧ ಹಿಂದಕ್ಕೆ ತಿರುಗಿ ನಗುತ್ತಾ ಕೂಗಿದ. "ನನ್ನ ಮುಖಾನೂ ಒಂಚೂರು ಬರ್ಲಿ, ಭಾವ!"

ಜಿಗಿದ. ಕೊಕ್ಕೆ ಕಳಚಿತು. ಅಣ್ಣನ ಬೆನ್ನ ಹಿಂದೆ... ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಒಂಟಿಯಾಗಿ ನಿಂತಿತ್ತು. ಒಬ್ಬ ಓಡುತ್ತಿದ್ದ. ಓಡುವ ಹಗ್ಗವನ್ನು ಬರಿಗೈಯಲ್ಲಿ ಹಿಡಿದ. ಹಗ್ಗ ಅವನನ್ನೂ ಅಂಚಿನವರೆಗೆ ಎಳೆಯಿತು.

ಅವಳು ಶಾಟ್ ನಿಲ್ಲಿಸಿ ಅವನ ಬಳಿ ಹೋದಳು.

"ಕೈ ತೋರಿಸು."

ಅವನು ಜೇಬಿನಿಂದ ಕೈ ತೆಗೆಯಲಿಲ್ಲ. ಅವಳೇ ಎಳೆದಳು. ಎರಡೂ ಅಂಗೈಗೆ ಅಡ್ಡಲಾಗಿ ಸುಟ್ಟ ಗೆರೆ!

"ಯಾಕೋ ಹೇಳಲಿಲ್ಲ?"

"ಏನಂತ ಹೇಳ್ಲಿ? ನಾನೇ ಬಿಟ್ಟೆನೋ, ಜಾರಿತೋ... ನೆನಪೇ ಇಲ್ಲ. ನೀನು ಬೈದಾಗ, ಸರಿಯಾಗೇ ಬೈತಿದಾಳೆ ಅನ್ನಿಸ್ತು."

"ಬಿಟ್ಟು ಹೋದ ಕ್ಯಾಮೆರಾನೇ ಅಲುಗದೆ ಇರೋದು... ಯಾರ ಕಣ್ಣಿಂದ ನೋಡ್ತಿದೀವಿ ಅಂತ ದಿನಾ ಪಾಠ ಮಾಡ್ತೀನಿ. ನಂಗೇ ಹೊಳೀಲಿಲ್ಲ ನೋಡು." ಅವಳು ಕುರ್ಚಿ ಎಳೆದಳು. "ಬಾ, ಪಕ್ಕದಲ್ಲಿ ಕೂತ್ಕೋ."

"ನೋಡೋಕಾಗಲ್ಲ ಕಣೇ..."

"ಕಣ್ಣು ಮುಚ್ಕೋ. ನಾನು ಹೇಳ್ತೀನಿ."

ಶಾಟ್ ಮತ್ತೆ ಶುರುವಾಯಿತು. ಸುಟ್ಟ ಅಂಗೈ ಅವಳ ಕೈಯೊಳಗೆ ನಡುಗುತ್ತಿತ್ತು.

"ಅಣ್ಣ ನಗ್ತಿದಾನೆ... ಜಿಗಿದ... ನೀನು ಓಡ್ತಿದೀಯ..."

"ಬಿಟ್ಟೆನಾ?"

"ಇಲ್ಲ ಕಣೋ. ಹಗ್ಗ ಮುಗಿದು ಹೋಯ್ತು. ನಿನ್ನ ಮುಷ್ಟಿ ಇನ್ನೂ ಬಿಚ್ಚಿಲ್ಲ."