ಹಲಗೆಯ ಮೇಲಿನ ಇರುವೆಗಳು

ಬಾಬಾಸಾಬ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದ. "ಇರ್ಫಾನಾ ಮೇಡಂನ ಕರೀರಿ ಶೇಖರಮ್ಮಾರ. ಕಳಕಪ್ಪನ್ನ ಪೊಲೀಸರು ಒಯ್ದಾರ."

ಇರ್ಫಾನಾ ಕೊಪ್ಪಳದಲ್ಲಿ ವಕೀಲೆ, ನಮ್ಮ ಮಹಡಿಯ ಬಾಡಿಗೆದಾರಳು. ವಾದಕ್ಕಿಂತ ಗುಟ್ಟು ಬಿಡಿಸುವುದರಲ್ಲೇ ಅವಳ ಹೆಸರು ದೊಡ್ಡದು. ಗಂಡ ತೀರಿದ ಮೇಲೆ ನನ್ನ ಮಾತಿಗೆ ಅವಳೊಬ್ಬಳೇ. ಹಾಗಾಗಿ ಕರೆದರೂ ಕರೆಯದಿದ್ದರೂ ಅವಳ ಬೆನ್ನಿಗೆ ಹೊರಡುವವಳು ನಾನು.

ಗಿಣಿಗೇರಾದ ಬಾಬಾಸಾಬನ ಚಹಾದಂಗಡಿಯ ಗೋಡೆಗೆ ಒಂದು ಕರಿಹಲಗೆ ಇತ್ತು. ಬಾಬಾಸಾಬನ ಗೆಳೆಯ ಕಳಕಪ್ಪ, ತನ್ನ ಹೆಂಡತಿ ಮಾಳವ್ವ ತೀರಿಕೊಂಡಾಗಿನಿಂದ, ಅದರ ಮೇಲೆ ಕಾರ್ಖಾನೆಯ ಧೂಳಿನ ಬಗ್ಗೆ, ಕೈಕಟ್ಟಿ ಕುಳಿತ ಅಧಿಕಾರಿಗಳ ಬಗ್ಗೆ ದಿನಾ ಬರೆಯುತ್ತಿದ್ದ. "ಮನ್ಯಾಗ ಮಾತಾಡೋರಿಲ್ರಿ, ಅದಕ್ಕ ಹಲಿಗಿ ಕೂಡ ಮಾತಾಡ್ತೀನಿ" ಎನ್ನುತ್ತಿದ್ದ.

ಹಲಗೆ ತೆಗೆಯಿರಿ ಎಂದು ತಾಲ್ಲೂಕಿನ ಅಧಿಕಾರಿ ನೋಟಿಸು ಕೊಟ್ಟಾಗ ಗೆಳೆಯರಿಬ್ಬರೂ ಇರ್ಫಾನಾಳ ಬಳಿ ಬಂದಿದ್ದರು. "ಸರ್ಕಾರಕ್ಕ ಚುಚ್ಚತೈತಿ ಅಂತ ಬಾಯಿ ಮುಚ್ಚಿಸಾಕ ಬರಂಗಿಲ್ಲ. ಯಾವ್ಯಾವ ಕಾರಣಕ್ಕ ತಡೀಬೋದು ಅಂತ ಸಂವಿಧಾನದಾಗ ಐತಿ. ಹೊಡೀರಿ, ಸುಡ್ರಿ ಅಂತ ಬರದ್ರ ಮಾತು ಬ್ಯಾರೆ" ಎಂದು ಅವಳು ಧೈರ್ಯ ಹೇಳಿ ಕಳಿಸಿದ್ದಳು.

ಈಗ ನಾವು ಗಿಣಿಗೇರಾಕ್ಕೆ ಹೋಗಿ ನೋಡಿದಾಗ ಹಲಗೆಯ ಮೇಲೆ ಹೀಗಿತ್ತು: "ಧೂಳು ಬಿದ್ರ ಕಾರ್ಖಾನಿಗೆ ಬೆಂಕಿ ಹಚ್ರಿ."

ಅಕ್ಷರ ಕಳಕಪ್ಪನವೇ. 'ಬೆಂಕಿ' ಮಾತ್ರ ತುಸು ಸೊಟ್ಟಗಿತ್ತು, ಅದರ ಸುತ್ತ ಇರುವೆ ಮುತ್ತಿದ್ದವು. ನಾನು ಕೊಡವಲು ಹೋದಾಗ ಇರ್ಫಾನಾ ಕೈ ಹಿಡಿದಳು. "ಇರಲಿ ಬಿಡ್ರಿ."

ಠಾಣೆಯಲ್ಲಿ ಕಳಕಪ್ಪ ಮೂಲೆಯಲ್ಲಿ ಕುಳಿತಿದ್ದ. ನೋಡಲು ಬೇರೆ ಯಾರೂ ಬಂದಿರಲಿಲ್ಲ. "ನಾ ಬರದದ್ದು 'ಫೋನ್ ಹಚ್ರಿ' ಅಂತರಿ" ಎಂದ.

ಸಂಜೆ ಇರ್ಫಾನಾ ಎಲ್ಲರನ್ನೂ ಹಲಗೆಯ ಮುಂದೆ ಸೇರಿಸಿದಳು. ಸಬ್ ಇನ್‌ಸ್ಪೆಕ್ಟರ್ ಕಳಕಪ್ಪನನ್ನು ಕರೆತಂದಿದ್ದರು. ನೋಟಿಸು ಕೊಟ್ಟು, ಈಗ ದೂರನ್ನೂ ಕೊಟ್ಟಿದ್ದ ತಾಲ್ಲೂಕಿನ ಅಧಿಕಾರಿಯೂ ಬಂದಿದ್ದರು, ಕರಾವಳಿಯವರು.

"ಸಾಹೇಬ್ರ, 'ಫೋನ್ ಹಚ್ರಿ' ಅಂದ್ರೇನು?" ಎಂದು ಅವಳು ಕೇಳಿದಳು.

"ಫೋನಿಗೂ ಬೆಂಕಿ ಹಚ್ಚಲಿಕ್ಕುಂಟಾ?" ಎಂದು ಅವರು ಗಾಬರಿಯಾದರು. ನನಗೆ ನಗು ತಡೆಯಲಾಗಲಿಲ್ಲ.

"ಫೋನ್ ಮಾಡ್ರಿ ಅಂತ ಅರ್ಥರಿ. 'ಫೋನ್' ತಗದು 'ಬೆಂಕಿ' ಹಾಕಿದ್ರ ಸಾಕು ಅಂತ ಹೊರಗಿನವರಾದ ನಿಮಗ ಹೊಳಿಯಂಗಿಲ್ಲ. ಇದು ನಮ್ಮ ಭಾಗದವರ ಕೆಲಸ. ಕಳಕಪ್ಪ ಒಣ ಬಟ್ಟಿಲೆ ಒರಸ್ತಾನ, ಅಲ್ಲಿ ಇರಿವಿ ಬರಂಗಿಲ್ಲ. 'ಫೋನ್' ಒರಸಿದ ಬಟ್ಟ್ಯಾಗ ಸಕ್ರಿ ಇತ್ತು. ಸುಡ್ರಿ ಅಂತ ಬರದ್ರ ಹಲಿಗಿ ಉಳಿಯಂಗಿಲ್ಲ ಅನ್ನೋದನ್ನ ನಾನ ಇವರಿಬ್ಬರಿಗೂ ಹೇಳಿದ್ದೆ."

ಎಲ್ಲರ ಕಣ್ಣೂ ಬಾಬಾಸಾಬನ ಹೆಗಲ ಮೇಲಿದ್ದ, ಚಹಾದ ಗ್ಲಾಸು ಒರೆಸುವ ಬಟ್ಟೆಯ ಮೇಲೆ ನಿಂತವು. ಅವನು ಅದನ್ನು ಹೆಗಲಿಂದ ತೆಗೆದು ಮುಂದಿಟ್ಟ.

"ನೋಟಿಸ್ ನನ್ನ ಹೆಸರಿಗೆ ಬಂದಿತ್ತರಿ. ಅಂಗಡಿ ಕೀಳಸ್ತಾರ ಅಂತ ಅಂಜಿದೆ. ಹಲಿಗಿ ಅಷ್ಟ ಹೋಗತೈತಿ ಅಂದ್ಕೊಂಡಿದ್ದೆ, ಇವನ್ನ ಒಯ್ತಾರಂತ ಗೊತ್ತಿದ್ದಿಲ್ಲ."

"ಹಾಗಾದರೆ ತಪ್ಪು ಇವನದ್ದೇ" ಎಂದರು ಅಧಿಕಾರಿ.

"ಇವನ್ನ ಅಂಜಿಸಿದವರು ಯಾರ್ರಿ?" ಇರ್ಫಾನಾಳ ದನಿ ಗಡುಸಾಯಿತು. "ಸಾಹೇಬರಿಗೆ ಸಿಟ್ಟು ಬಂತು ಅನ್ನೋ ಕಾರಣ ಸಂವಿಧಾನದಾಗಿಲ್ಲ."

ನೋಟಿಸು ಹಿಂದಕ್ಕೆ ಹೋಯಿತು, ಪೊಲೀಸರು ಕಳಕಪ್ಪನನ್ನು ಬಿಟ್ಟರು. ಕಳಕಪ್ಪ ಗೆಳೆಯನ ಮೇಲೆ ದೂರು ಕೊಡಲಿಲ್ಲ. ಬಾಬಾಸಾಬ ಹಲಗೆ ತೊಳೆದು, ಸೀಮೆಸುಣ್ಣ ಚಾಚಿದ. ಕಳಕಪ್ಪ ಅದನ್ನು ಮುಟ್ಟಲಿಲ್ಲ.

"ಬರೀಪಾ, ಇನ್ನ ಯಾರೂ ತಡಿಯಂಗಿಲ್ಲ" ಎಂದೆ.

"ಊರಾಗ ಯಾರ ಓದ್ತಿದ್ರವ್ವಾ? ದಿನಾ ಅಂಗಡಿ ತಗದ ಕೂಡಲೆ ಓದಾಂವ ಇವನೊಬ್ಬನ ಇದ್ದ. ಇವನಿಗೇ ಬರೀತಿದ್ದೆ" ಎಂದು ಹೇಳಿ ಅವನು ಮನೆಯ ದಾರಿ ಹಿಡಿದ.

ಕೊಪ್ಪಳಕ್ಕೆ ಮರಳುವಾಗ ಇರ್ಫಾನಾ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. "ಬರಿಯೋ ಹಕ್ಕು ಉಳಿಸಿ ಕೊಟ್ಟೆ ಶೇಖರಮ್ಮಾ" ಎಂದಳು. "ಓದಾಂವನ್ನ ಎಲ್ಲಿಂದ ತಂದು ಕೊಡ್ಲಿ?"