ನಲವತ್ತೆರಡು ನಿಮಿಷದ ಪಿಯಾನೊ

ಪಿಯಾನೊ ಮುಂದಿನ ಸ್ಟೂಲು ಉರುಳಿ ಬಿದ್ದಿತ್ತು. ಪಕ್ಕದಲ್ಲಿ ಬೃಂದಾ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಬಿಳಿ ಪ್ಲಾಸ್ಟರು. ಬೀದಿ ಕಡೆಯ ಕಿಟಕಿ ಪೂರಾ ತೆರೆದಿತ್ತು. ಅದರ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪು, ಸ್ಪೀಕರು, ಒಂದು ನೋಟ್‌ಬುಕ್ಕು. ಇಷ್ಟನ್ನೂ ನಾನು ಬರೆದುಕೊಂಡೆ.

ನಾನು ಹನುಮಂತಪ್ಪ, ಅಜ್ಜಂಪುರ ಠಾಣೆಯ ರೈಟರ್. ಈ ಊರಿನಲ್ಲಿ ಯಾರು ಹೇಗೆ ಸತ್ತರೂ ಅದನ್ನು ಬರೆಯುವವನು ನಾನೇ. ಇಪ್ಪತ್ತೇಳು ವರ್ಷ ಪಂಚನಾಮೆ ಬರೆದೂ ಬರೆದೂ ಮನಸ್ಸು ಜಡ್ಡುಗಟ್ಟಿದೆ. ಹೋದ ವರ್ಷ ಹೆಂಡತಿ ತೀರಿಕೊಂಡಾಗಲೂ ಅಳು ಬರಲಿಲ್ಲ. ಆಸ್ಪತ್ರೆಯ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಫೈಲು ಮಾಡಿಟ್ಟೆ. ಅಷ್ಟೇ. ಈ ಹೆಣ ನೋಡಿದಾಗಲೂ ಏನೂ ಅನ್ನಿಸಲಿಲ್ಲ.

ಬೃಂದಾ ದೇವನೂರಿನ ತೆಂಗಿನ ತೋಟದ ಚನ್ನಬಸಪ್ಪನವರ ಮಗಳು. ಐವತ್ತರ ಹತ್ತಿರ. ಯೂರೋಪಿನಲ್ಲೆಲ್ಲ ಪಿಯಾನೊ ಬಾರಿಸಿದವರು, ಎರಡು ಸಿ.ಡಿ. ಬಂದಿದ್ದವು ಅಂತ ಕೇಳಿದ್ದೆ. ಆರು ವರ್ಷದ ಹಿಂದೆ ಸ್ಟೇಷನ್ ರಸ್ತೆಯಲ್ಲಿ ಮನೆ ಹಿಡಿದರು. ಆ ಪಿಯಾನೊ ಇಳಿಸೋಕೆ ಹತ್ತು ಜನ ಹಮಾಲರು ಬೇಕಾದರು. ಅವತ್ತು ಬೀದಿಗೆ ಬೀದಿಯೇ ನಿಂತು ನೋಡಿತು. ಆಮೇಲೆ ಯಾರೂ ಆ ಕಡೆ ತಲೆ ಹಾಕಲಿಲ್ಲ.

ಹೆಣ ಮೊದಲು ನೋಡಿದವನು ಕನಕರಾಜು. ತರೀಕೆರೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವನು. ಪಿಯಾನೊ ಶ್ರುತಿ ಮಾಡುವುದನ್ನು ಬೃಂದಾ ಅವರೇ ಅವನಿಗೆ ಕಲಿಸಿದ್ದರು. ಮೆಟ್ಟಿಲ ಮೇಲೆ ಕೂತಿದ್ದ. ಎರಡೂ ಅಂಗೈ ರಕ್ತ.

“ಎಷ್ಟು ಹೊತ್ತಿಗೆ ಬಂದೆ?” ಇನ್ಸ್‌ಪೆಕ್ಟರ್ ರುದ್ರಮೂರ್ತಿ ಸಾಹೇಬರು ಕೇಳಿದರು.

“ಐದೂ ಕಾಲಿನ ಬಸ್ಸಿಗೆ ಇಳ್ದೆ ಸಾರ್. ಬಾಗ್ಲು ತೆಗ್ದಿತ್ತು. ಅಕ್ಕಾ ಅಂದೆ. ಮಾತಿಲ್ಲ. ತಲೆ ಎತ್ತಿ ತೊಡೆ ಮೇಲಿಟ್ಕಂಡೆ…”

“ಬೆಳಿಗ್ಗೆ ಫೋನಲ್ಲಿ ಜಗಳ ಆಯ್ತಂತೆ?”

“ಜಗಳ ಅಲ್ಲ ಸಾರ್, ಬೈದ್ರು. ಎಡಗಡೆ ಎರಡು ತಂತಿ ಸಡ್ಲ ಆಗಿದ್ವು. ಒಂದು ವಾರದಿಂದ ಕರೀತಿದ್ರು. ನಾನೇ ಇವತ್ತು ನಾಳೆ ಅಂತ ತಳ್ತಿದ್ದೆ.”

ಎದುರು ಮನೆ ಸಾವಿತ್ರಮ್ಮ ಕೇಳದಿದ್ದರೂ ಹೇಳಿದರು.

“ನಾಕೂ ಇಪ್ಪತ್ತರ ಹೊತ್ತಿಗೆ ಶುರು ಹಚ್ಕಂಡ್ಳು ಕಣ್ರೀ. ಐದರವರ್ಗೂ ಬಿಡ್ಲಿಲ್ಲ. ಬಸ್ಸಿಂದ ಬಿದ್ದು ಕೈ ಮುರ್ಕಂಡು ಮೂರು ವಾರ ಆಯ್ತು. ಒಂದೇ ಕೈಲಿ ಕುಟ್ತಾಳೆ, ಅದ್ನೂ ಬಿಡಾಕಿಲ್ಲ ಪುಣ್ಯಾತ್ಗಿತ್ತಿ!” ಅಂದವರು ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಡಾಕ್ಟರು ಹೇಳಿದ್ದು, ಸಾವು ನಾಲ್ಕರಿಂದ ಐದೂವರೆಯೊಳಗೆ. ಐದರವರೆಗೆ ಪಿಯಾನೊ ಕೇಳಿಸಿದೆ. ಅಂದರೆ ಐದರವರೆಗೆ ಬೃಂದಾ ಬದುಕಿದ್ದರು. ಐದೂ ಕಾಲಿಗೆ ಕನಕರಾಜು ಬಂದ. ಮಧ್ಯೆ ಇನ್ಯಾರನ್ನೂ ಬೀದಿ ಕಂಡಿಲ್ಲ. ಏಳು ಗಂಟೆಗೆ ಅವನನ್ನು ಒಳಗೆ ಹಾಕಿದೆವು.

\* \* \*

ಮಂಗಳವಾರ ಬೆಳಿಗ್ಗೆ ಬೃಂದಾ ಅವರ ತಮ್ಮ ನಾಗೇಶ್ ಬಂದ. ತೋಟ ನೋಡಿಕೊಳ್ಳುವವನು ಅವನೇ. ಕಣ್ಣು ಕೆಂಪಾಗಿತ್ತು, ಶರಟು ಇಸ್ತ್ರಿಯಾಗಿತ್ತು.

“ಅಕ್ಕನ ಮನೆಗೆ ಕಡೇ ಸಲ ಯಾವಾಗ ಬಂದಿದ್ರಿ?” ಸಾಹೇಬರು ಕೇಳಿದರು.

“ಶಿವರಾತ್ರಿಗೆ ಸಾರ್. ಎರಡು ತಿಂಗಳಾಯ್ತು.”

“ನಿನ್ನೆ?”

“ಐದು ಗಂಟೆಗೆ ಕಡೂರಲ್ಲಿದ್ದೆ, ತೆಂಗಿನಕಾಯಿ ಮಂಡೀಲಿ. ಕ್ಯಾಮೆರಾ ಐತೆ, ನೋಡ್ಕಳಿ.”

ನೋಡಿದೆವು. ಐದಕ್ಕೆ ಎರಡು ನಿಮಿಷ ಇರುವಾಗ ಕಾರಿನಿಂದ ಇಳಿದಿದ್ದ. ಅಜ್ಜಂಪುರದಿಂದ ಕಡೂರಿಗೆ ಕಾರಿನಲ್ಲಿ ನಲವತ್ತು ನಿಮಿಷ ಬೇಕು. ಮನೆಗೆ ಬಂದು ಹೋಗುವವರೆಲ್ಲರದೂ ತೆಗೆದುಕೊಳ್ಳುತ್ತೇವೆ ಎಂದು ಸಾಹೇಬರು ಅವನ ಬೆರಳಚ್ಚು ಕೇಳಿದರು. ಅಕ್ಕನ ಮನೆಯಲ್ಲಿ ತಮ್ಮನ ಬೆರಳು ಇರದೆ ಇನ್ನೇನು ಅನ್ನುವ ಹಾಗೆ ಹತ್ತೂ ಬೆರಳು ಒತ್ತಿ ಹೋದ.

ಠಾಣೆಯ ಬೆಂಚಿನ ಮೇಲೆ ಕನಕರಾಜುವಿನ ಮಗಳು ಧನ್ಯಶ್ರೀ ತಿಂಡಿ ಡಬ್ಬಿ ಹಿಡಿದು ಕೂತಿದ್ದಳು. ತರೀಕೆರೆಯಿಂದ ಮೊದಲನೇ ಬಸ್ಸಿಗೇ ಬಂದಿದ್ದಳು.

“ಅಪ್ಪನ್ನ ಯಾವಾಗ ಬಿಡ್ತೀರಾ ಸಾರ್?”

“ಸಂಜೆ ಕೋರ್ಟಿಗೆ ಕರ್ಕಂಡು ಹೋಗ್ತೀವಿ ಕಣಮ್ಮ.”

“ಆಮೇಲೆ?”

ಆಮೇಲೆ ಜೈಲು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವಳು ಡಬ್ಬಿಯ ಮುಚ್ಚಳ ಇನ್ನಷ್ಟು ಬಿಗಿ ಮಾಡಿದಳು.

ಅಷ್ಟರಲ್ಲಿ ಸಾವಿತ್ರಮ್ಮ ಹೇಳಿಕೆ ಕೊಡಲು ಬಂದರು. ಹೊತ್ತು ಎಷ್ಟೆಂದು ಅಷ್ಟು ಸರಿಯಾಗಿ ಹೇಗೆ ಗೊತ್ತು ಅಂತ ಕೇಳಿದ್ದಕ್ಕೆ ಫೋನು ತೆಗೆದರು. ಮಗಳು ಶಶಿಗೆ ಕಳಿಸಿದ್ದ ವಾಯ್ಸ್ ಮೆಸೇಜು. ನಾಲ್ಕು ನಲವತ್ತೇಳಕ್ಕೆ ಹೋಗಿತ್ತು.

“ಕೇಳಿಸ್ಕಳೇ ಶಶಿ, ಹೆಂಗೆ ಕುಟ್ತಾವ್ಳೆ! ಇವತ್ತು ಕಿಟಕಿ ಬೇರೆ ತಗ್ದವ್ಳೆ. ಮಧ್ಯ ಮಧ್ಯ ನಿಲ್ತಾಳೆ, ಸದ್ಯ ಮುಗೀತಪ್ಪಾ ಅಂದ್ರೆ ಮತ್ತೆ ಶುರು…”

ಹಿಂದೆ ಪಿಯಾನೊ ಧಬಧಬ ಅನ್ನುತ್ತಿತ್ತು.

ನಿನ್ನೆಯಿಂದ ತಲೆ ತಗ್ಗಿಸಿ ಕೂತಿದ್ದ ಕನಕರಾಜು ಎದ್ದು ಬಂದು ಸರಳು ಹಿಡಿದ. “ಸಾರ್, ಇನ್ನೊಂದ್ಸಲ ಹಾಕಿ.”

ಹಾಕಿದರು.

“ಇದು ಎರಡು ಕೈ ಸಾರ್.”

ನಾನು ನಕ್ಕೆ. ಸಾಹೇಬರು ನಗಲಿಲ್ಲ. “ಒಂದೇ ಕೈಯಲ್ಲಿ ಬಾರಿಸೋಕೆ ಅಂತ ಬರೆದ ಸಂಗೀತವೂ ಒಂದು ಇದೆಯಂತಲ್ಲ? ಬೃಂದಾ ಮೇಡಂ ನೋಟ್‌ಬುಕ್ಕಿನಲ್ಲಿ ಓದಿದೆ.”

“ಐತೆ ಸಾರ್. ಫ್ರಾನ್ಸಿನೋರು ಬರೆದಿದ್ದು. ಯುದ್ಧದಲ್ಲಿ ಬಲಗೈ ಕಳ್ಕಂಡೋರಿಗೆ ಅಂತ. ಮೂರು ವಾರದಿಂದ ಅಕ್ಕ ಅದೊಂದನ್ನೇ ಬಾರಿಸ್ತಿದ್ದಿದ್ದು. ಅದ್ಕೇ ಎಡಗಡೆ ತಂತಿ ಸಡ್ಲ ಆಗಿದ್ದು. ಅದನ್ನ ಕೇಳಿದ್ರೂ ಎರಡು ಕೈ ಅನ್ಸುತ್ತೆ.”

“ಮತ್ತೆ ಇದು ಅದೇ ಯಾಕಾಗಬಾರದು?”

“ಇದ್ರಲ್ಲಿ ಎಡತುದಿ ಸ್ವರ ಬಲತುದಿ ಸ್ವರ ಒಂದೇ ಏಟಿಗೆ ಬೀಳ್ತಾವೆ ಸಾರ್. ಒಂದು ಕೈ ಎಷ್ಟು ಅಗಲ ಮಾಡಿದ್ರೂ ಅಲ್ಲಿವರ್ಗೂ ಹೋಗಲ್ಲ.”

“ಏನಪ್ಪಾ, ಒಳಗಿರೋನು ನೀನು. ನಿನ್ನ ಮಾತು ನಂಬಬೇಕಾ?” ಅಂದೆ ನಾನು.

ಸಾಹೇಬರು ಗಡಿಯಾರ ನೋಡಿದರು. ಹತ್ತೂವರೆ. “ಲ್ಯಾಪ್‌ಟಾಪ್ ತಗೊಂಡು ಬನ್ನಿ ಹನುಮಂತಪ್ಪ. ಆ ನೋಟ್‌ಬುಕ್ಕೂ.”

\* \* \*

ಲ್ಯಾಪ್‌ಟಾಪಿಗೆ ಪಾಸ್‌ವರ್ಡು ಕೂಡ ಇರಲಿಲ್ಲ. ಬೃಂದಾ ದಿನಾ ಸಂಜೆ ಬಾರಿಸಿದ್ದನ್ನೆಲ್ಲ ರೆಕಾರ್ಡ್ ಮಾಡಿ ಅದರಲ್ಲಿ ಇಡುತ್ತಿದ್ದರು. ಆಮೇಲೆ ತಮ್ಮ ಹಳೇ ಸಿ.ಡಿ.ಗಳ ಪಕ್ಕದಲ್ಲಿಟ್ಟು ಹೋಲಿಸಿ ನೋಡುತ್ತಿದ್ದರು. ಯಾವುದು ಎಲ್ಲಿ ಕೆಟ್ಟಿದೆ, ಎಲ್ಲಿ ಸುಧಾರಿಸಿದೆ, ಎಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿದ್ದರು.

‘ರಷ್ಯಾದವನ ಮೂರನೆಯ ಕಾನ್ಸರ್ಟೊ. ಬುಡಾಪೆಸ್ಟಿನಲ್ಲಿ ಬಾರಿಸಿದ್ದು: ಸುಮ್ಮನೆ ಓಡಿದ್ದೇನೆ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಬೆಂಗಳೂರಿನದು: ತಪ್ಪಿಲ್ಲ. ಜೀವವೂ ಇಲ್ಲ.’

ತನ್ನನ್ನೇ ಇಷ್ಟು ನಿಷ್ಠುರವಾಗಿ ವಿಚಾರಣೆ ಮಾಡಿಕೊಂಡವರನ್ನು ನಾನು ಕಂಡಿರಲಿಲ್ಲ.

ಕಾನ್ಸರ್ಟೊ ಅಂದರೆ ಆರ್ಕೆಸ್ಟ್ರಾದ ಜೊತೆ ಬಾರಿಸುವುದಂತೆ. ಮನೆಯಲ್ಲಿ ಆರ್ಕೆಸ್ಟ್ರಾ ಎಲ್ಲಿಂದ ಬರಬೇಕು? ಆರ್ಕೆಸ್ಟ್ರಾದವರ ಪಾಳಿ ಬಂದಾಗ ಬೃಂದಾ ಕೈಕಟ್ಟಿ ಸುಮ್ಮನಿರುತ್ತಿದ್ದರು. ಸಾವಿತ್ರಮ್ಮ ‘ಸದ್ಯ ಮುಗೀತು’ ಅಂದುಕೊಳ್ಳುತ್ತಿದ್ದುದು ಆಗಲೇ.

ಸಿ.ಡಿ.ಗಳನ್ನು ಬದಿಗಿಟ್ಟೆವು. ಅವುಗಳಲ್ಲಿ ಪಿಟೀಲು, ತುತ್ತೂರಿ ಎಲ್ಲ ಇದ್ದವು. ಸಾವಿತ್ರಮ್ಮನ ಫೋನಿನಲ್ಲಿ ಬರೀ ಪಿಯಾನೊ. ಕೈ ಮುರಿದ ಮೇಲಿನ ರೆಕಾರ್ಡಿಂಗು ಹದಿಮೂರು ಇದ್ದವು. ಎಲ್ಲವೂ ಎಡಗೈಯದೇ, ಒಂದೊಂದೂ ಹದಿನೆಂಟು ಹತ್ತೊಂಬತ್ತು ನಿಮಿಷ. ಹದಿಮೂರನ್ನೂ ಅಲ್ಲಲ್ಲಿ ಮುಂದೆ ಓಡಿಸುತ್ತಾ ಕೇಳಿದೆವು. ನಡುವೆ ನನಗೆ ಆಕಳಿಕೆ ಬಂತು, ಸಾಹೇಬರು ಗದರಿದರು. ಯಾವುದೂ ತಾಳೆಯಾಗಲಿಲ್ಲ.

ಆಮೇಲೆ ಕೈ ಮುರಿಯುವ ಮುಂಚಿನವು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಒಂದು ಫೈಲಿನ ಇಪ್ಪತ್ತೊಂಬತ್ತನೆಯ ನಿಮಿಷದಲ್ಲಿ ಪಿಯಾನೊ ತಪ್ಪಿತು. ನಿಂತಿತು. ‘ಥೂ!’ ಅಂತ ಬೃಂದಾ ತಮ್ಮನ್ನೇ ಬೈದುಕೊಂಡರು. ಅದೇ ಜಾಗದಿಂದ ಮತ್ತೆ ಹಿಡಿದರು.

ಸಾಹೇಬರು ಸಾವಿತ್ರಮ್ಮನ ಮೆಸೇಜು ಹಾಕಿದರು. ‘ಮತ್ತೆ ಶುರು’ ಅನ್ನುವ ಮಾತಿನ ಹಿಂದೆಯೇ ತೆಳ್ಳಗೆ ಒಂದು ‘ಥೂ!’ ಕೇಳಿಸಿತು. ಬೆಳಿಗ್ಗೆ ಅದನ್ನು ಸಾವಿತ್ರಮ್ಮನದೇ ಅಂದುಕೊಂಡಿದ್ದೆ.

“ಒಬ್ಬರು ಒಂದೇ ತಪ್ಪನ್ನು ಎರಡು ಸಲ ಮಾಡಬಹುದು,” ಅಂದರು ಸಾಹೇಬರು. “ಅದೇ ಜಾಗದಲ್ಲಿ ಅದೇ ಥರ ಥೂ ಅನ್ನೋದಕ್ಕೆ ಆಗಲ್ಲ. ನಿನ್ನೆ ಪಿಯಾನೊ ಬಾರಿಸಲಿಲ್ಲ ಹನುಮಂತಪ್ಪ. ಸ್ಪೀಕರು ಬಾರಿಸ್ತು.”

ನಾಲ್ಕು ನಲವತ್ತೇಳರಿಂದ ಇಪ್ಪತ್ತೊಂಬತ್ತು ನಿಮಿಷ ಹಿಂದೆ ಹೋದರೆ ನಾಲ್ಕು ಹದಿನೆಂಟು. ಆ ಫೈಲನ್ನು ನಮಗಿಂತ ಮುಂಚೆ ಕಡೆಯ ಸಲ ತೆರೆದ ಹೊತ್ತು ಲ್ಯಾಪ್‌ಟಾಪಿನಲ್ಲೂ ಅದೇ ಇತ್ತು. ಫೈಲಿನ ಉದ್ದ ನಲವತ್ತೆರಡು ನಿಮಿಷ.

“ಅವರೇ ಹಾಕ್ಕೊಂಡು ಕೇಳ್ತಿದ್ದಿರಬಹುದಲ್ಲ ಸಾರ್?” ಅಂದೆ.

“ಇರಬಹುದು. ಕಿಟಕಿ ಯಾಕೆ ತೆಗೆದಿತ್ತು?”

ಕನಕರಾಜುವನ್ನು ಕೇಳಿದೆವು.

“ಅಕ್ಕ ಆ ಕಿಟಕಿ ತೆಗೆಯೋದೇ ಇಲ್ಲ ಸಾರ್. ಧೂಳು ಬಂದ್ರೆ ಪಿಯಾನೊ ಹಾಳಾಗುತ್ತೆ. ರೈಲು ಹೋದಾಗ ಚಿಲಕ ಗಡಗಡ ಅಂತಿತ್ತು, ಅದೂ ರೆಕಾರ್ಡ್ ಆಗ್ತಿತ್ತು. ಹದಿನೈದು ದಿನದ ಹಿಂದೆ ಹೊಸ ಚಿಲಕ ತಂದು ನಾನೇ ಹಾಕ್ದೆ.”

ಸಾಹೇಬರು ಕೂತಲ್ಲಿಂದಲೇ ಬೆರಳಚ್ಚಿನವರಿಗೆ ಫೋನು ಮಾಡಿದರು.

\* \* \*

ನಾಲ್ಕೂವರೆಗೆ ನಾಗೇಶ್ ಹೆಣ ಬಿಡಿಸಿಕೊಳ್ಳುವ ಕಾಗದಕ್ಕೆ ಬಂದ. ದೇವನೂರಿನಲ್ಲಿ ಗುಂಡಿ ತೋಡಿಸಿ ಬಂದಿದ್ದೇನೆ, ಬೇಗ ಕೊಡಿ ಅಂದ. ಸಾಹೇಬರು ಕೂರಿಸಿದರು.

“ಕಿಟಕಿ ಚಿಲಕದ ಮೇಲೆ ನಿಮ್ಮ ಬೆರಳು ಸಿಕ್ಕಿದೆ ನಾಗೇಶ್.”

“ಸಿಗ್ದೆ ಏನ್ಸಾರ್? ಶಿವರಾತ್ರಿಗೆ ಬಂದಿದ್ನಲ್ಲ.”

“ಆ ಚಿಲಕ ಹಾಕಿಯೇ ಹದಿನೈದು ದಿನ.”

ಸಾಹೇಬರು ದನಿ ಏರಿಸದೆ ಒಂದೊಂದಾಗಿ ಹೇಳಿದರು. ನಾಲ್ಕು ಗಂಟೆಯ ಹೊತ್ತಿಗೆ ನೀನು ಬಂದೆ. ಆ ಬಿಸಿಲಿನಲ್ಲಿ ಬೀದಿಯವರೆಲ್ಲ ಒಳಗಿದ್ದರು, ಯಾರೂ ನೋಡಲಿಲ್ಲ. ಅಕ್ಕ ಬಿದ್ದ ಮೇಲೆ ಲ್ಯಾಪ್‌ಟಾಪಿನಲ್ಲಿ ಒಂದು ಫೈಲು ಹಚ್ಚಿದೆ. ಬೀದಿಗೆ ಕೇಳಲಿ ಅಂತ ಕಿಟಕಿ ತೆಗೆದೆ. ಅದು ಮುಗಿಯುವುದರೊಳಗೆ ಕಡೂರು ಸೇರಿ ಕ್ಯಾಮೆರಾಕ್ಕೆ ಮುಖ ತೋರಿಸಿದೆ. ಕನಕರಾಜು ತಾನಾಗಿ ಬಂದು ಸಿಕ್ಕಿಬಿದ್ದ.

“ಬೇಕೂಂತ ಮಾಡಿದ್ದಲ್ಲ ಸಾರ್. ತೋಟ ಸೋಲಾರ್ ಕಂಪನಿಗೆ ಕೊಡಣ ಅಂದೆ. ಜಂಟಿ ಖಾತೆ, ಅವ್ಳೂ ಒಪ್ಪಬೇಕಿತ್ತು. ಅಪ್ಪನ ಸಮಾಧಿ ಐತೆ, ಕೊಡಲ್ಲ ಅಂದ್ಲು. ಎಷ್ಟು ಸಲ ಕೇಳೋದು? ಮಾತಿಗೆ ಮಾತು ಬೆಳೀತು. ತಳ್ಬಿಟ್ಟೆ. ಪಿಯಾನೊ ಮೂಲೆ ಬಡೀತು.”

“ತಳ್ಳಿದ್ದು ಬೇಕಂತ ಅಲ್ಲದೇ ಇರಬಹುದು. ಫೈಲು ಹಾಕಿದ್ದು?”

ನಾಗೇಶ್ ಶರಟಿನ ತೋಳಿನಿಂದ ಹಣೆ ಒರೆಸಿಕೊಂಡ.

“ಅಷ್ಟೊಂದು ಫೈಲಿದ್ವಲ್ಲ, ಇದನ್ನೇ ಯಾಕೆ ಹಾಕಿದೆ?”

“ಎಲ್ಲಕ್ಕಿಂತ ಉದ್ದ ಇತ್ತು ಸಾರ್. ಕಡೂರು ಮುಟ್ಟೋವರ್ಗೂ ಬರ್ಬೇಕಿತ್ತಲ್ಲ.”

“ಕೈಗೆ ಪ್ಲಾಸ್ಟರ್ ಇದ್ದದ್ದು ಕಾಣಲಿಲ್ವಾ?”

“ಕಾಣ್ತು.” ನಾಗೇಶ್ ನಿಜವಾಗಿಯೂ ಅರ್ಥವಾಗದವನ ಹಾಗೆ ಸಾಹೇಬರ ಮುಖ ನೋಡಿದ. “ಅದೆಲ್ಲ ಕೇಳೋಕೆ ಒಂದೇ ಥರಾನೇ ಅಲ್ವಾ ಸಾರ್?”

ಸಾಹೇಬರು ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದರು. “ಓದಿ ಹನುಮಂತಪ್ಪ. ಆ ಫೈಲಿನ ಮುಂದೆ ಏನು ಬರೆದಿದ್ದಾರೆ?”

ಓದಿದೆ. ‘ರಷ್ಯಾದವನ ಮೂರನೆಯದು, ಪೂರ್ತಿ. ಒಂದು ಕಡೆ ತಪ್ಪಿದೆ, ಇರಲಿ. ಬುಡಾಪೆಸ್ಟು, ಬೆಂಗಳೂರು ಎರಡಕ್ಕಿಂತ ಇದೇ ಚೆನ್ನಾಗಿದೆ. ನಾಗೇಶ ಒಂದು ಸಲವೂ ಕೂತು ಕೇಳಿಲ್ಲ. ಮುಂದಿನ ಸಲ ಬಂದಾಗ ಇದನ್ನು ಕೇಳಿಸಬೇಕು.’

ನಾಗೇಶ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ನಾನು ಆಗಲೇ ಓದಿ ಮುಗಿಸಿದ್ದೆ.

\* \* \*

ಕನಕರಾಜುವನ್ನು ಹೊರಗೆ ಬಿಟ್ಟಾಗ ಐದೂವರೆ. ಧನ್ಯಶ್ರೀ ಅಳಲಿಲ್ಲ, ಅಪ್ಪನ ತೋಳು ಹಿಡಿದುಕೊಂಡು ನಿಂತಳು. ಅವನು ಠಾಣೆಯ ನಲ್ಲಿಯಲ್ಲಿ ಕೈ ತೊಳೆದ. ಉಗುರಿನ ಸಂದಿಯಲ್ಲಿ ಉಳಿದದ್ದನ್ನು ಮತ್ತೆ ತೊಳೆದ.

“ಆ ಎರಡು ತಂತಿ ಸರಿ ಮಾಡಿಬಿಟ್ಟು ಹೋಗ್ಲಾ ಸಾರ್? ಬರ್ತೀನಿ ಅಂತ ಹೇಳಿದ್ದೆ.”

“ಮನೆಗೆ ಸೀಲಾಗಿದೆ ಕಣಯ್ಯಾ,” ಅಂದೆ.

ತಲೆ ಆಡಿಸಿ ಮಗಳ ಜೊತೆ ತರೀಕೆರೆ ಬಸ್ಸಿಗೆ ಹೋದ. ಡಬ್ಬಿ ತೆರೆದೇ ಇರಲಿಲ್ಲ.

ನಾನು ಸಾಕ್ಷ್ಯದ ಪಟ್ಟಿ ಬರೆಯಲು ಕೂತೆ. ಚಿಲಕ ಒಂದು. ಲ್ಯಾಪ್‌ಟಾಪ್ ಒಂದು. ನೋಟ್‌ಬುಕ್ ಒಂದು. ಪಿಯಾನೊ ರೆಕಾರ್ಡಿಂಗ್ ಒಂದು, ನಲವತ್ತೆರಡು ನಿಮಿಷ. ಕೈ ಎಂದಿನಂತೆ ಓಡಿತು. ಮನಸ್ಸಿಗೆ ಏನೋ ಆಯಿತು ಅಂದರೆ ಸುಳ್ಳಾಗುತ್ತದೆ.

“ಸಾರ್, ಈ ರೆಕಾರ್ಡಿಂಗನ್ನ ಕೋರ್ಟಲ್ಲಿ ಹಾಕ್ತಾರಾ?”

“ಹಾಕಲೇಬೇಕು. ಅದರ ಮೇಲೇ ಕೇಸು ನಿಂತಿರೋದು.”

“ಪೂರ್ತಿನಾ?”

“ಪೂರ್ತಿ,” ಅಂದರು ಸಾಹೇಬರು. “ಅವನು ಕೂತು ಕೇಳಬೇಕಾಗುತ್ತೆ.”